ಹತ್ತು ಗೇಣು, ಒಂದು ಮುಷ್ಟಿ

ನನ್ನ ಗಂಡ ತಾಲಾಯ್‌ನನ್ನು ಮಣ್ಣು ಮಾಡಿದ ದಿನವೇ ಅವನ ಬಟ್ಟೆಗಳೆಲ್ಲ ಮನೆಯಿಂದ ಹೋದವು. ಮೈ ತೊಳೆದವರಿಗೆ ಹಂಚುವುದು ಪದ್ಧತಿ. ಕೋಟು ಒಬ್ಬರಿಗೆ, ಬೂಟು ಒಬ್ಬರಿಗೆ, ಕೈಗವಸು ಯಾರಿಗೋ. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ, ಯಾರಿಗೆ ಏನು ಹೋಯಿತು ಎಂದು ನೋಡಲಿಲ್ಲ. ಉಳಿದದ್ದು ಎರಡು: ಹತಾರದ ಪೆಟ್ಟಿಗೆ ಮತ್ತು ಒಂದು ತುಂದುಕ್.

ಗುಡಾರದ ನೆತ್ತಿಗೆ ಕೂರುವ ಆ ಮರದ ಬಳೆಯನ್ನು ಅವನು ಮೇ ತಿಂಗಳಲ್ಲಿ ಮುಗಿಸಿದ್ದ. ಭೂರ್ಜದ ಮರ. ಅಂಚಿನ ಸುತ್ತ ಅರವತ್ತೈದು ಓರೆ ತೂತುಗಳು. ಕೆಳಗಿನ ಜಾಲರಿ ಗೋಡೆಯನ್ನು ಮಾವ ಮೊದಲೇ ಹೆಣೆದಿಟ್ಟಿದ್ದರು. ಗೋಡೆಗೂ ಬಳೆಗೂ ನಡುವಿನ ಸೂರುಗೋಲುಗಳು ಮಾತ್ರ ಆಗಬೇಕಿತ್ತು. ಜೂನ್‌ನಲ್ಲಿ ತಾಲಾಯ್ ಬಿಶ್ಕೆಕ್‌ಗೆ ಹೋದವನು ಕಣಿವೆಯ ರಸ್ತೆಯಲ್ಲಿ ಸತ್ತ. ಅದಾದ ಮೂರನೆಯ ವಾರಕ್ಕೆ ಮಾವನ ಬಲಗೈ ಬಿದ್ದುಹೋಯಿತು. ತುಂದುಕ್ ಹಜಾರದ ಗೋಡೆಗೆ ಒರಗಿಕೊಂಡು ಚಳಿಗಾಲ ಕಳೆಯಿತು.

ಫೆಬ್ರವರಿಯ ಒಂದು ಗುರುವಾರ. ಸತ್ತವರಿಗೆ ವಾಸನೆ ಮುಟ್ಟಲಿ ಎಂದು ಅತ್ತೆ ಹಿಟ್ಟು ಕರಿದಿದ್ದರು. ಚಹಾದ ಜೊತೆ ಅದನ್ನೇ ತಿನ್ನುತ್ತಿದ್ದೆವು.

"ಜುಮಾಶ್‌ಗೆ ಹೇಳಿ ಕಳ್ಸಿದೀನಿ," ಎಂದರು ಮಾವ. ಪಾರ್ಶ್ವವಾಯು ಆದಮೇಲೆ ಅವರ ಮಾತು ನಿಧಾನವಾಗಿತ್ತು. ಜುಮಾಶ್ ಮೇಲಿನ ಬೀದಿಯ ಉಸ್ತಾ, ಗುಡಾರ ಕಟ್ಟುವುದರಲ್ಲಿ ಮಾವನ ನಂತರ ಅವನದೇ ಹೆಸರು. "ತುಂದುಕ್ ಅವ್ನು ತೊಗೊಂಡು ಹೋಗಿ ಮುಗಿಸ್ಲಿ. ಗಿರಾಕಿ ಜೂನ್‌ಗೆ ಬೆಟ್ಟ ಹತ್ಬೇಕು. ಪೆಟ್ಟಿಗೆನೂ ಅವ್ನೇ ತೊಗೊಳ್ಲಿ. ಹತಾರ ಸುಮ್ನೆ ಬಿದ್ದಿದ್ರೆ ತುಕ್ಕು ತಿನ್ನತ್ತೆ."

"ನಾನು ಮಾಡ್ತೀನಿ, ಅತಾ," ಎಂದೆ.

"ಏನನ್ನ?"

"ಸೂರುಗೋಲು."

ಅತ್ತೆ ಚಹಾ ಬಗ್ಗಿಸುವುದನ್ನು ನಿಲ್ಲಿಸಿದರು. "ಸಾಯ್ರಾ, ಜ್ವರ ಇದೆಯಾ ನಿಂಗೆ?"

"ಇಲ್ಲ, ಎನೆ."

ಮಾವ ನನ್ನನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದರು. "ಲೆಕ್ಕದ ಟೀಚರು ನೀನು. ಬಾಚಿ ಹಿಡಿದಿದೀಯಾ?"

"ನಾಲ್ಕು ವರ್ಷ ಇನ್ನೊಂದು ತುದಿ ಹಿಡ್ಕೊಂಡು ನಿಂತಿದೀನಿ."

ಅದು ನಿಜ. ತಾಲಾಯ್ ಕೋಲು ಬಗ್ಗಿಸುವಾಗ ಇನ್ನೊಂದು ತುದಿಯಲ್ಲಿ ನಾನೇ ಇರುತ್ತಿದ್ದೆ. ನನಗೆ ಆ ಪೆಟ್ಟಿಗೆ ಏಕೆ ಬೇಕೆನ್ನಿಸಿತು ಎಂದು ಆಗಲೂ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಬೇಕು ಅನ್ನಿಸಿದ್ದು ಅದೊಂದೇ. ಊಟವೂ ಬೇಕು ಅನ್ನಿಸಿರಲಿಲ್ಲ. ಹಾಗಾಗಿ ಕೇಳಿದೆ.

ಮಾವ ಬಹಳ ಹೊತ್ತು ಅಗಿದರು. ಆಮೇಲೆ ಹೇಳಿದರು: "ತಾಲಾಯ್ ವರ್ಷದ ಊಟಕ್ಕೆ ಮುಂಚೆ ಈ ಗುಡಾರ ನಿಂತ್ರೆ ಪೆಟ್ಟಿಗೆ ನಿಂದು. ನಿಲ್ಲದಿದ್ರೆ ಎರಡೂ ಜುಮಾಶ್‌ದು. ಆಮೇಲೆ ಅಳಬಾರದು."

"ಅಳಲ್ಲ," ಎಂದೆ. ಅದು ನನಗೆ ಕಷ್ಟದ ಮಾತಾಗಿರಲಿಲ್ಲ.

ಮಾವ ಗುಡಾರ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಕೆಲಸ ಮಾಡಲು ಮನಸ್ಸಿರಲಿಲ್ಲ. ಅಂಗಳದ ಆಚೆ ನಾವು ಕಟ್ಟಿಸುತ್ತಿದ್ದ ಎರಡು ಕೋಣೆಗಳಿದ್ದವು. ಸೂರು ಮುಗಿದಿತ್ತು, ನೆಲ ಇನ್ನೂ ಮಣ್ಣು. ಬಡಗಣ ಕಿಟಕಿಯ ಕೋಣೆ ಮಲಗಲೋ ಕೆಲಸಕ್ಕೋ ಎಂದು ಒಂದು ಚಳಿಗಾಲವಿಡೀ ವಾದಿಸಿದ್ದೆವು. ಈಗ ಅದಕ್ಕೆ ಹತಾರ ಸಾಗಿಸಿದೆ. ಎದುರು ವಾದಿಸುವವರು ಇರಲಿಲ್ಲ.

ಸಿಮೆಂಟ್ ಚೀಲಗಳನ್ನು ಹೊರಗೆ ಎಳೆದೆ. ಗೋಡೆಗೆ ಹಲಗೆ ಬಡಿದು ಮೊಳೆ ಹೊಡೆದೆ. ದೊಡ್ಡ ಬಾಚಿ, ಸಣ್ಣ ಬಾಚಿ, ಗರಗಸ, ಎರಡು ಹಿಡಿಯ ಕೀಸುಗತ್ತಿ, ಐದು ಉಳಿ, ಬಿಲ್ಲಿನಿಂದ ತಿರುಗಿಸುವ ಬೈರಿಗೆ. ಎಲ್ಲವೂ ಮಂಕಾಗಿದ್ದವು. ಮೊದಲ ಹತ್ತು ದಿನ ಮರ ಮುಟ್ಟಲೇ ಇಲ್ಲ. ಸಾಣೆಕಲ್ಲಿಗೆ ನೀರು ಹಾಕುವುದು, ಅಲಗು ಎಳೆಯುವುದು, ಒರೆಸುವುದು, ಮತ್ತೆ ಎಳೆಯುವುದು. ಬೆಳಿಗ್ಗೆ ಕೂತರೆ ತಲೆ ಎತ್ತುವಾಗ ಮಧ್ಯಾಹ್ನ ಆಗಿರುತ್ತಿತ್ತು. ಹೊತ್ತು ಹೋಗಿರುತ್ತಿತ್ತು. ನನಗೆ ಅಷ್ಟೇ ಬೇಕಿದ್ದದ್ದು.

ತಾಲಾಯ್ ಎರಡು ಚಳಿಗಾಲದ ಹಿಂದೆ ಕಡಿದು ಒಣಗಿಸಿದ್ದ ಹೊಳೆದಂಡೆಯ ಕೋಲುಗಳು ಸೂರಿನ ಕೆಳಗಿದ್ದವು. ಎಪ್ಪತ್ತು. ಬೇಕಾದದ್ದು ಅರವತ್ತೈದು. ಕಿಟಕಿಯ ಕೆಳಗೆ ಒಂದು ಕೆಲಸದ ಮೇಜು ಮಾಡಿಕೊಂಡು ತೊಗಟೆ ಸುಲಿದೆ, ಕೀಸಿದೆ. ನಂತರ ಮೂಲೆಯಲ್ಲಿ ಗುಂಡಿ ತೋಡಿ ತಗಡು ಹಾಸಿ, ಒದ್ದೆ ಕುರಿಹಿಕ್ಕೆ ತುಂಬಿಸಿ ಕಾಯಿಸಿದೆ. ಕೋಲಿನ ಬುಡ ಅದರಲ್ಲಿ ಹುದುಗಿದ್ದರೆ ಬೆಂದು ಬಾಗುತ್ತದೆ. ವಾಸನೆ ಬೀದಿಯವರೆಗೆ ಹೋಯಿತು. ಎದುರು ಮನೆಯ ಬುರುಲ್ ತಲೆಬಟ್ಟೆಯ ತುದಿಯಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಊರಿನವರಿಗೆಲ್ಲ ನಾನು ಕೆಲಿನ್, ಸೊಸೆ.

"ಕೆಲಿನ್, ಇದನ್ನ ಬೇಯಿಸೋದಕ್ಕಾ ನಿಮ್ಮಪ್ಪ ಐದು ವರ್ಷ ಯೂನಿವರ್ಸಿಟಿಗೆ ಫೀಸು ಕಟ್ಟಿದ್ದು?"

"ಐದನೇ ವರ್ಷ ಇದೇ ಪಾಠ ಇತ್ತು," ಎಂದೆ.

"ಉಪ್ಪು ಹಾಕಿದೀಯಾ?"

"ನೀವು ರುಚಿ ನೋಡಿ ಹೇಳಿ."

ಅವಳು ನಕ್ಕಳು. ಆಮೇಲೆ ವಿಧವೆಯ ಮನೆಯಲ್ಲಿ ನಕ್ಕೆನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮರುದಿನ ಎರಡು ಬುಟ್ಟಿ ಹಿಕ್ಕೆ ತಂದು ಬಾಗಿಲಲ್ಲಿ ಸುರಿದು ಹೋದಳು.

ಕೋಲು ಎಷ್ಟು ಉದ್ದ ಇರಬೇಕೆಂದು ತಾಲಾಯ್ ತುಂದುಕ್‌ನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿದ್ದ: ಹತ್ತು ಗೇಣು, ಒಂದು ಮುಷ್ಟಿ. ಬಾಗಿಲು, ಕಿಟಕಿಗೆ ಊರಲ್ಲಿ ಟೇಪು ಹಿಡಿಯುತ್ತಾರೆ. ಗುಡಾರಕ್ಕೆ ಹಿಡಿಯುವುದಿಲ್ಲ. ಅದು ಕಟ್ಟುವವನ ಕೈಯ ಅಳತೆ, ಒಬ್ಬನ ಕೋಲು ಇನ್ನೊಬ್ಬನ ಬಳೆಗೆ ಕೂರುವುದಿಲ್ಲ. ನನ್ನ ಗೇಣು ಚಿಕ್ಕದು. ಅವನ ಗೇಣು ಬೇಕಿತ್ತು. ಕೈಗವಸು ಮನೆಯಲ್ಲಿರಲಿಲ್ಲ.

ಆದರೆ ನನಗೆ ಅದು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನು ನನ್ನ ಮೊಣಕೈಯಲ್ಲಿ ಹೆಬ್ಬೆರಳಿಟ್ಟು ಬೆರಳು ಚಾಚುತ್ತಿದ್ದ. ಕಿರುಬೆರಳು ನನ್ನ ಮಣಿಕಟ್ಟಿನ ಮೂಳೆಗೆ ಬಂದು ನಿಲ್ಲುತ್ತಿತ್ತು. "ನಿನ್ನನ್ನ ನನ್ನ ಅಳತೆಗೇ ಮಾಡಿದಾರೆ ನೋಡು," ಎನ್ನುತ್ತಿದ್ದ. ಟೇಪು ತಂದು ಮೊಣಕೈಯಿಂದ ಮಣಿಕಟ್ಟಿಗೆ ಹಿಡಿದೆ. ಇಪ್ಪತ್ತಮೂರು ಸೆಂಟಿಮೀಟರ್. ಹತ್ತರಿಂದ ಗುಣಿಸಿದೆ, ಮುಷ್ಟಿ ಕೂಡಿಸಿದೆ, ಒಂದು ಪಟ್ಟಿಯ ಮೇಲೆ ಗೆರೆ ಹಾಕಿದೆ. ಎಲ್ಲ ಕೋಲುಗಳನ್ನೂ ಆ ಗೆರೆಗೆ ಕೊಯ್ದೆ. ಮಿಲಿಮೀಟರ್ ಆಚೀಚೆ ಆಗಲಿಲ್ಲ. ಉಳಿದ ತುಂಡುಗಳು ಒಲೆಗೆ ಹೋದವು.

ಬಗ್ಗಿಸುವಾಗ ಐದು ಮುರಿದವು. ಅರವತ್ತೈದು ಉಳಿದವು. ಕೆಮ್ಮಣ್ಣು ಬಳಿದೆ. ಮಾವ ಒಮ್ಮೆಯೂ ಆ ಕೋಣೆಗೆ ಬರಲಿಲ್ಲ. ಅಂಗಳದ ಬೆಂಚಿನ ಮೇಲೆ ಕೂತು ಸದ್ದು ಕೇಳುತ್ತಿದ್ದರು. ಒಮ್ಮೆ ಮಾತ್ರ, "ಉಳಿಗೆ ಜಾಸ್ತಿ ಹೊಡೀತಿದೀಯ," ಎಂದು ಅಲ್ಲಿಂದಲೇ ಹೇಳಿದರು. ನಾನೂ ಕರೆಯಲಿಲ್ಲ.

ಮೇ ಕೊನೆಯ ವಾರ ಜುಮಾಶ್ ಸಣ್ಣ ಲಾರಿ ತಂದು ಅಂಗಳದಲ್ಲಿ ನಿಲ್ಲಿಸಿದ. ಲಾರಿಯ ಹಿಂಭಾಗ ಖಾಲಿಯಿತ್ತು.

"ಎತ್ತಿ ನಿಲ್ಲಿಸೋಕೂ ನಾನೇ, ಹೊತ್ಕೊಂಡು ಹೋಗೋಕೂ ನಾನೇ," ಎಂದ. ಮಾವನನ್ನು ಅವನು ಅಣ್ಣ ಎನ್ನುವಂತೆ ಬೈಕೆ ಎನ್ನುತ್ತಿದ್ದ. "ಬೈಕೆ, ಎರಡು ಕೂಲಿ ಕೊಡ್ಬೇಕು ನೀವು."

"ಮೊದ್ಲು ಎತ್ತು," ಎಂದರು ಮಾವ.

ಜಾಲರಿ ಗೋಡೆಯನ್ನು ಬಿಡಿಸಿ ದುಂಡಗೆ ನಿಲ್ಲಿಸಿದೆವು. ಬಾಗಿಲ ಚೌಕಟ್ಟು ಕಟ್ಟಿದೆವು. ಜುಮಾಶ್ ನಡುವೆ ನಿಂತು ಕವಲುಗೋಲಿನ ಮೇಲೆ ತುಂದುಕ್ ಎತ್ತಿ ಹಿಡಿದ. ನಾನು ಮೊದಲ ಸೂರುಗೋಲಿನ ತುದಿಯನ್ನು ತೂತಿಗೆ ಸೇರಿಸಿದೆ. ಸರಿಯಾಗಿ ಕೂತಿತು. ಬುಡವನ್ನು ಗೋಡೆಯ ಕಡೆ ಇಳಿಸಿದೆ. ಅದು ಗೋಡೆಯನ್ನು ಮುಟ್ಟಲಿಲ್ಲ. ಗಾಳಿಯಲ್ಲಿ ನಿಂತಿತು.

ಎದುರುಗಡೆ ಇನ್ನೊಂದು ಹಾಕಿದೆ. ಅದೂ ಮುಟ್ಟಲಿಲ್ಲ.

"ಸ್ವಲ್ಪ ಕೆಳಗೆ ಇಳಿಸಿ," ಎಂದೆ.

ಜುಮಾಶ್ ಇಳಿಸಿದ. ಕೋಲುಗಳು ಗೋಡೆ ಮುಟ್ಟಿದವು. ಸೂರು ಚಪ್ಪಟೆಯಾಗಿತ್ತು.

"ಇದು ಗುಡಾರ ಅಲ್ಲ ಕೆಲಿನ್, ತಟ್ಟೆ," ಎಂದ. "ಮಳೆ ಬಂದ್ರೆ ಮೇಲೆ ಮೀನು ಸಾಕ್ಬೋದು."

ಯಾರೂ ನಗಲಿಲ್ಲ. ಅವನಿಗೂ ಸಾಕೆನ್ನಿಸಿತು, ತುಂದುಕ್ಕನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನು ಕೊರತೆ ಅಳೆದೆ. ನನ್ನ ಒಂದು ಗೇಣು.

ಮಾವ ಕೋಲೂರಿಕೊಂಡು ಎದ್ದು ಬಂದರು. "ಎಷ್ಟಕ್ಕೆ ಕೊಯ್ದೆ?"

"ಹತ್ತು ಗೇಣು, ಒಂದು ಮುಷ್ಟಿ. ಬರೆದಿಟ್ಟಿದ್ರಲ್ಲ."

"ಯಾರ ಗೇಣು?"

"ಅವರದು."

"ಅವನ ಗೇಣು ನಿಂಗೆಲ್ಲಿ ಸಿಕ್ತು?"

ನಾನು ತೋಳು ಮಡಚಿದೆ. ಮೊಣಕೈ ತೋರಿಸಿದೆ, ಮಣಿಕಟ್ಟು ತೋರಿಸಿದೆ. ಮಾವ, ಜುಮಾಶ್ ಇಬ್ಬರ ಮುಂದೆ. ತೋರಿಸಿದ ಮೇಲೆ ಅದು ಏನು ಹೇಳುತ್ತದೆ ಎಂದು ನನಗೆ ಹೊಳೆಯಿತು. ಕೈ ಇಳಿಸಿದೆ. ಅತ್ತೆ ಏನೋ ನೆನಪಾದವರಂತೆ ಒಳಗೆ ಹೋದರು. ಜುಮಾಶ್ ಲಾರಿಯ ಚಕ್ರ ನೋಡುತ್ತಾ ನಿಂತ.

"ಅವನ ಗೇಣು ಅದೇ," ಎಂದರು ಮಾವ. "ಸರಿಯಾಗೇ ಇದೆ. ಆದ್ರೆ ಅವ್ನು ಬರೆದದ್ದು ನನ್ನ ಗೇಣಲ್ಲಿ."

ನನಗೆ ಅರ್ಥವಾಗಲಿಲ್ಲ.

"ಇನ್ನು ನಿನ್ನ ಗೇಣಲ್ಲೇ ಅಳಿ ಅಂತ ಉಸ್ತಾ ಬಾಯಿಬಿಟ್ಟು ಹೇಳೋವರೆಗೂ ಶಿಷ್ಯ ಉಸ್ತಾನ ಗೇಣಲ್ಲೇ ಅಳೀಬೇಕು," ಎಂದ ಜುಮಾಶ್, ನನಗೆ ಹೇಳುವಂತೆ, ಆದರೆ ಮಾವನ ಕಡೆ ತಿರುಗಿ. "ನಂಗೆ ನಮ್ಮುಸ್ತಾ ಇಪ್ಪತ್ತೆರಡಕ್ಕೇ ಹೇಳಿಬಿಟ್ರು. ಬೈಕೆ, ನೀವು ತಾಲಾಯ್‌ಗೆ ಹೇಳಿರ್ಲಿಲ್ವಾ?"

"ಮೂವತ್ತು ವರ್ಷ ಆಗಿತ್ತು ಅವ್ನಿಗೆ," ಎಂದರು ಮಾವ. "ಈ ತುಂದುಕ್ ಮುಗಿಸ್ಲಿ, ಹೇಳ್ತೀನಿ ಅಂತಿದ್ದೆ. ಮುಗಿಸ್ದ. ಗುಡಾರ ನಿಲ್ಲಲಿ, ಆಗ ಹೇಳೋಣ ಅಂದ್ಕೊಂಡೆ."

ಅವರ ಬಲಗೈ ಎದೆಯ ಹತ್ತಿರ ಮಡಚಿಕೊಂಡಿತ್ತು. ಆ ಗೇಣು ಎಷ್ಟಿತ್ತೆಂದು ಈಗ ಆ ಕೈಯಿಂದ ತಿಳಿಯುವಂತಿರಲಿಲ್ಲ. ಸೂರಿನ ಕೆಳಗೆ ಒಣಗಿದ ಕೋಲು ಒಂದೂ ಉಳಿದಿರಲಿಲ್ಲ. ವರ್ಷದ ಊಟಕ್ಕೆ ಹದಿನೆಂಟು ದಿನ ಇತ್ತು. ಪೆಟ್ಟಿಗೆ ಹೋಯಿತು ಎಂದುಕೊಂಡೆ. ಅದನ್ನು ಎಷ್ಟು ಸಲೀಸಾಗಿ ಅಂದುಕೊಂಡೆ ಎಂಬುದನ್ನೂ ಗಮನಿಸಿದೆ. ಹತಾರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಡಬೇಕು, ಇಲ್ಲದಿದ್ದರೆ ಲಾರಿಯಲ್ಲಿ ಅಲಗಿಗೆ ಅಲಗು ತಾಗುತ್ತದೆ ಎಂದು ಯೋಚಿಸುತ್ತಿದ್ದೆ.

"ಐದಾರು ಕೋಲು ಒಂದರ ಮೇಲೊಂದು ಇಡು," ಎಂದರು ಮಾವ ಜುಮಾಶ್‌ಗೆ.

ಅವನು ಇಟ್ಟ. ಬಾಗುಗಳನ್ನು ಜೋಡಿಸಿ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದ. ಇನ್ನೂ ಹತ್ತು ತಂದು ಇಟ್ಟ. ಟೋಪಿ ಹಿಂದಕ್ಕೆ ಸರಿಸಿದ.

"ಏನು?" ಎಂದರು ಮಾವ.

"ನಡುವೆ ಬೆಳಕು ಕಾಣ್ತಿಲ್ಲ ಬೈಕೆ."

"ಎಲ್ಲಾ ಒಂದೇ ಸಮ ಗಿಡ್ಡ?"

"ಎಲ್ಲಾ. ನಮ್ಮನೇಲಿ ಇಬ್ರು ಗಂಡುಮಕ್ಕಳಿದಾರೆ. ಒಬ್ಬ ಬಗ್ಗಿಸಿದ್ದು ಒಂದೊಂದು ಒಂದೊಂದು ದಿಕ್ಕಿಗೆ, ಇನ್ನೊಬ್ಬ ಬಗ್ಗಿಸೋದೇ ಇಲ್ಲ."

"ತುಂದುಕ್ ಹೇರ್ಕೋ," ಎಂದರು ಮಾವ. "ಗೋಡೆನೂ. ಗಿರಾಕಿ ಕಾಯ್ತಿದಾನೆ. ನಿನ್ನ ಕೋಲನ್ನ ಇದಕ್ಕೆ ಹೊಂದಿಸಿ ಹಾಕಿ ಕೊಡು."

"ಪೆಟ್ಟಿಗೆ?"

"ಪೆಟ್ಟಿಗೆ ಬಿಡು."

"ಮಾತು ಹಾಗಿರ್ಲಿಲ್ವಲ್ಲ ಬೈಕೆ. ನಿಲ್ಲದಿದ್ರೆ ಎರಡೂ ನಂದು ಅಂತ ಊರಿಗೆಲ್ಲ ಗೊತ್ತು."

"ನಿಲ್ಲದೆ ಇದ್ದದ್ದು ಇವಳ ತಪ್ಪಿಂದ ಅಲ್ಲ. ನಾನು ಬಾಯಿ ಬಿಡದೇ ಇದ್ದಿದ್ದಕ್ಕೆ. ಊರಿಗೆ ಅದನ್ನೂ ಹೇಳು."

ಜುಮಾಶ್ ಲಾರಿಯ ಹಿಂಬದಿಯ ಹಲಗೆ ಇಳಿಸಿದ. ಆಮೇಲೆ, "ಹಳೇ ಗರಗಸ ಒಂದಿತ್ತಲ್ಲ, ಅದನ್ನಾದ್ರೂ," ಎಂದ.

"ಜುಮಾಶ್."

"ಕೇಳಿದ್ರಲ್ಲಿ ಏನಿದೆ ಬಿಡಿ," ಎಂದು ಹಗ್ಗ ತೆಗೆದ.

ತುಂದುಕ್ಕನ್ನು ಇಬ್ಬರೂ ಹಿಡಿದು ಲಾರಿಗೆ ಏರಿಸಿದೆವು. ಮರ ಉಜ್ಜದಂತೆ ಅಡಿಗೆ ಹಳೆಯ ಜಮಖಾನ ಹಾಕಿದೆ. ನಾಲ್ಕು ಕಡೆ ನಾನೇ ಬಿಗಿದೆ. ಪೆನ್ಸಿಲ್ ಬರಹ ಒಳಮೈಯಲ್ಲಿ ಹಾಗೇ ಇತ್ತು. ಬೆರಳಿನಿಂದ ಮುಟ್ಟಿದರೆ ಅಳಿಸೀತು ಎಂದು ಮುಟ್ಟಲಿಲ್ಲ. ಜುಮಾಶ್ ಅದರ ಮೇಲೆ ಕೆಮ್ಮಣ್ಣು ಬಳಿಯುತ್ತಾನೆ, ಹೇಗೂ. ಲಾರಿ ಬೀದಿ ತಿರುಗಿತು. ನಾನು ಅಳಬೇಕಿತ್ತೇನೋ. ಅಂಗಳದಲ್ಲಿ ಅರವತ್ತೈದು ಕೋಲುಗಳು ಬಿದ್ದಿದ್ದವು, ಬಿಸಿಲಿಗೆ ಬಿಟ್ಟರೆ ಬಾಗು ಬಿಚ್ಚಿಕೊಳ್ಳುತ್ತದೆ. ಐದೈದಾಗಿ ಕಟ್ಟಿ ಒಳಗೆ ಒಯ್ದೆ.

ಕೊನೆಯ ಕಟ್ಟು ಇಡುವಾಗ ಬಾಗಿಲಲ್ಲಿ ಮಾವ ನಿಂತಿದ್ದರು. ಹೊಸ್ತಿಲು ದಾಟಿ ಒಳಗೆ ಬಂದರು. ಮೊಳೆಗಳ ಮೇಲಿನ ಹತಾರ ನೋಡಿದರು, ಗುಂಡಿ ನೋಡಿದರು. ಉಳಿಯೊಂದನ್ನು ಎಡಗೈಯಲ್ಲಿ ತೆಗೆದು ಉಗುರಿನ ಮೇಲೆ ಅಲಗು ಇಟ್ಟು ನೋಡಿದರು. ಮತ್ತೆ ತೂಗುಹಾಕಿದರು. ನಂತರ ಕಿಟಕಿಯ ಕೆಳಗಿನ ಕೆಲಸದ ಮೇಜಿನ ಮೇಲೆ ಅಂಗೈ ಇಟ್ಟರು.

"ಇದನ್ನ ಯಾರ ಎತ್ತರಕ್ಕೆ ಮಾಡ್ದೆ?"

"ಅಡುಗೆಮನೆ ಮೇಜಿನ ಎತ್ತರಕ್ಕೆ."

"ಇದರ ಮೇಲೆ ಹಿಟ್ಟು ಲಟ್ಟಿಸ್ಬೋದು. ಮರ ಹೆರೆದ್ರೆ ಹೆಗಲು ಹೋಗತ್ತೆ. ಮುಂದಿನ ತುಂದುಕ್ ಅರ್ಧ ಆಗೋದ್ರೊಳಗೆ ಮಲಗಿರ್ತೀಯ."

"ಮುಂದಿನದು ಯಾವುದು, ಅತಾ?"

"ಇಷ್ಟು ಕೋಲು ಮಾಡಿಟ್ಟಿದೀಯಲ್ಲ, ಒಲೆಗೆ ಹಾಕ್ತೀಯಾ? ಅವಕ್ಕೆ ಬಳೆ ಬೇಡ್ವಾ?" ಅವರಿಗೆ ಉಸಿರು ಹತ್ತಿತ್ತು, ಕೊರಡಿನ ಮೇಲೆ ಕೂತರು. "ಪೆನ್ಸಿಲ್ ಕೊಡು. ಇಲ್ಲಿ ನಿಂತ್ಕೋ. ನೆಟ್ಟಗೆ. ಕೈ ಕೆಳಗೆ ಬಿಡು, ಮುಷ್ಟಿ ಮಾಡು. ಬಿಗಿ ಹಿಡೀಬೇಡ."

ನಾನು ಮೇಜಿನ ಪಕ್ಕ ನಿಂತೆ. ಕೈ ಇಳಿಬಿಟ್ಟೆ. ಅವರು ಬಗ್ಗಿ, ಅಭ್ಯಾಸವಿಲ್ಲದ ಎಡಗೈಯಿಂದ, ನನ್ನ ಬೆರಳಗೆಣ್ಣು ಬಂದು ನಿಂತ ಜಾಗಕ್ಕೆ ಸರಿಯಾಗಿ ಮೇಜಿನ ಕಾಲಿನ ಮೇಲೆ ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ಅದರ ಮೇಲೆ ಇನ್ನೊಂದು ಎಳೆದರು.

"ಹಲಗೆ ಮೇಲಿಂದ ಗೆರೆವರೆಗೆ ಎಷ್ಟಿದೆಯೋ ಅಷ್ಟನ್ನ ಬುಡದಲ್ಲಿ ಕೊಯ್ಯಿ," ಎಂದರು. "ನಾಲ್ಕೂ ಕಾಲು. ಸಂಜೆಯೊಳಗೆ ಆಗ್ಬೇಕು."

ಅತ್ತೆ ಅಂಗಳದಿಂದ ಚಹಾಕ್ಕೆ ಕರೆದರು. ಮಾವ ಏಳಲಿಲ್ಲ. ನಾನು ಮೇಜನ್ನು ಬೋರಲು ಹಾಕಿ, ಗರಗಸ ತೆಗೆದುಕೊಂಡು, ಮೊದಲ ಕಾಲಿಗೆ ಮಂಡಿ ಊರಿದೆ.