ಶೆಡ್ಡಿನಲ್ಲಿ ಇದ್ದವಳು

“ತಲಿ ಮ್ಯಾಲಿನ ಸೆರಗ ಎಲ್ಲಿ ಹೋತ್ಲೇ, ಭೋಸುಡಿ? ಎದರ್ಗೆ ಯಾರ ಬಂದಾರ ಕಾಣೂದಿಲ್ಲ?”

ಬೈದವನು ರಾಚಪ್ಪ ಸಾವುಕಾರ. ಬೈಸಿಕೊಂಡವಳು ಉದ್ದವ್ವ. ಅವಳು ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಅವಳ ಹಿಂದೆ ಕೂತ ನಾವು ಹತ್ತು ಹೆಂಗಸರೂ ಎಳೆದುಕೊಂಡೆವು. ಹಿರಿಯ ಗಂಡಸು ಎದುರು ಬಂದರೆ ನಮ್ಮ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ. ಮದುವೆಯಾದ ದಿನದಿಂದ ಹಾಗೇ ಕಲಿಸಿದ್ದಾರೆ, ಹಾಳಾಗಲಿ.

ಹತ್ತರಗಿಯ ಹೈವೇ ಬಾಜೂ ಇರುವ ಸಾವುಕಾರನ ಶೆಡ್ಡಿನಲ್ಲಿ ನಾವು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತೇವೆ. ದೀಪಾವಳಿ ಮುಗಿದ ಮೇಲೆ ಅವನ ಮಗ ಅಭಿಷೇಕ ಜಂತಿಗೆ ಕ್ಯಾಮೆರಾ ಹಾಕಿಸಿದ. ಅದು ಮುಖ ಗುರುತು ಹಿಡಿದು, ಯಾರು ಕೂತಿದ್ದಾರೆ, ಯಾರು ಎದ್ದು ಹೋದರು ಎಂದು ಅವನ ಮೊಬೈಲಿಗೆ ಹೇಳುತ್ತದೆ. ಮುಖ ಕಾಣದಿದ್ದರೆ ಗೈರು. ಮೂರು ಸಲ ಗೈರಾದವಳು ಮರುದಿನದಿಂದ ಕೆಲಸಕ್ಕೆ ಬರುವಂತಿಲ್ಲ. ಹಿಂದೆ ಕೂತ ನಾವು ಸಾವುಕಾರನ ಕಣ್ಣು ತಪ್ಪಿಸಿ ಆಗಾಗ ಸೆರಗು ಎತ್ತುತ್ತೇವೆ. ಉದ್ದವ್ವನಿಗೆ ಅದೂ ಇಲ್ಲ, ಅವನ ಕುರ್ಚಿ ಇರುವುದು ಅವಳ ಎದುರಿಗೇ. ಅವಳಿಗೆ ಆಗಲೇ ಎರಡು ಗೈರು ಬಿದ್ದಿದ್ದವು. ಕಬ್ಬು ಕಡಿಯಲು ಅವಳ ಸೊಂಟ ಏಳುವುದಿಲ್ಲ. ಕೂತು ಮಾಡುವ ಕೆಲಸ ಅವಳಿಗೆ ಇದೊಂದೇ.

ನಿನ್ನೆ ಅಭಿಷೇಕನ ಮುಂದೆ ಕೈಮುಗಿದಿದ್ದಳು. “ಸಣ್ಣ ಸಾವಕಾರ್ರ, ಕುಂತ ಕೆಲಸ ಮಾಡಾಕತ್ತೇನಲ್ರಿ! ಬುಟ್ಟಿ ತುಂಬೇತಿ ನೋಡ್ರಿ.”

“ಬುಟ್ಟಿ ನೋಡೂದಿಲ್ಲವ್ವಾ ಅದು. ಮಾರಿ ಬೇಕ ಅದಕ್ಕ.”

“ಹಂಗಾರ ನಿಮ್ಮಪ್ಪಾರಿಗೆ ಹೊರಗ ಕುಂದ್ರಾಕ ಹೇಳ್ರಿ.”

“ಅಪ್ಪಗ? ನಾನು?” ಅವನು ನಕ್ಕು ಹೋಗಿದ್ದ.

ಇವತ್ತು ಬೈದು ಕೂತ ಸಾವುಕಾರ ಚಹಾ ತರಿಸಿಕೊಂಡ. ಏಳುವ ಲಕ್ಷಣವೇ ಇರಲಿಲ್ಲ. ಉದ್ದವ್ವ ಮೆಣಸಿನಕಾಯಿಯ ಘಾಟಿಗೆ ಕೆಮ್ಮಿದಳು. ಆಮೇಲೆ ಸೆರಗನ್ನು ಹೆಗಲಿಗೆ ಸರಿಸಿ, ಮುಖವನ್ನು ಜಂತಿಯ ಕ್ಯಾಮೆರಾದ ಕಡೆ ಎತ್ತಿದಳು.

“ನೋಡೋ, ನಿನ್ನ ಹೆಣಾ ಎತ್ಲಿ! ಇಲ್ಲೇ ಅದೇನಿ. ಬರ್ಕೋ.”

ಚಹಾದ ಕಪ್ಪು ಅವಳ ಹಣೆಗೆ ಬಡಿಯಿತು. “ನಾಚಿಕಿಗೆಟ್ಟ ರಂಡಿ! ನಾಳಿಂದ ಈ ಬಾಗಲಕ್ಕ ಬಂದ್ರ ಕಾಲ ಮುರೀತೀನಿ!”

ಅವಳು ಮುಖ ಇಳಿಸಲಿಲ್ಲ. ಕೈ ತೊಟ್ಟು ಮುರಿಯುತ್ತಲೇ ಇತ್ತು. ನನ್ನ ಕೈಯೂ ಸೆರಗಿಗೆ ಹೋಯಿತು. ಹೋಗಿ, ಇನ್ನಷ್ಟು ಕೆಳಗೆ ಎಳೆಯಿತು. ಥೂ ನನ್ನ ಬಾಳಿಗೆ.

ಅಭಿಷೇಕ ಮೊಬೈಲು ಹಿಡಿದು ಓಡಿಬಂದ. “ಅಪ್ಪಾ, ಒಳಗ ಒಬ್ಬಾಕಿನ ಅದಾಳಂತ ತೋರಸಾಕತ್ತೈತಿ!”

ಆ ಒಬ್ಬಳನ್ನೂ ರಟ್ಟೆ ಹಿಡಿದು ಹೊರಗೆ ದಬ್ಬಿದರು. ಮೊಬೈಲಿನ ಪ್ರಕಾರ ಶೆಡ್ಡಿನಲ್ಲಿ ಈಗ ಯಾರೂ ಇರಲಿಲ್ಲ. ನಾವು ಹತ್ತು ಮಂದಿ ತೊಟ್ಟು ಮುರಿಯುತ್ತ ಕೂತೆವು.