ಸಣ್ಣ ಉಂಗುರದ ಮಗ್ಗುಲು

ಹದಿಮೂರು ದೇಶದವರು ಬಂದಿದ್ದ ಒಳಾಂಗಣ ಬೌಲ್ಸ್ ಎಂಬ ಚೆಂಡುರುಳಿಸುವ ಆಟದ ಪಂದ್ಯಾವಳಿಯಲ್ಲಿ ಕೊನೆಗೆ ಇಬ್ಬರು ಉಳಿದಿದ್ದರು. ಒಬ್ಬಳು ನನ್ನ ಮಗಳು. ಹಸಿರು ಕಾರ್ಪೆಟ್ಟಿನ ಸುತ್ತ ಗಾಜಿನ ಗೋಡೆ. ಒಳಗೆ ಹೋದವರು ಆಟ ಮುಗಿಯದೆ ಹೊರಬರುವಂತಿಲ್ಲ.

ಬೆಳಿಗ್ಗೆ ಜಡೆ ಹೆಣೆಸಿಕೊಳ್ಳುತ್ತಾ ಹೇಳಿದ್ದಳು, "ಅಮ್ಮಾ, ನಂಗೆ ಸಾಕಾಗಿದೆ. ಒಂಬತ್ತು ವರ್ಷದಿಂದ ಇದೊಂದು ಚೆಂಡು ಬಿಟ್ರೆ ಬೇರೇನೂ ಕಂಡಿಲ್ಲ."

"ಅಪ್ಪನಿಗೆ ಹೇಳು."

"ಹೇಳಿದೆ. ಇವತ್ತು ಸೋತ್ರೆ ಆಟ ಬಿಡು ಅಂದ್ರು. ನಾನು ಸೋಲಲ್ಲ ಅಂತ ಗೊತ್ತಲ್ಲ, ಅದಕ್ಕೇ ಇಷ್ಟು ಧಾರಾಳ."

ಈ ಆಟದ ಚೆಂಡು ನೆಟ್ಟಗೆ ಉರುಳುವುದಿಲ್ಲ. ಒಂದು ಮಗ್ಗುಲಿಗೆ ಬಾಗುತ್ತದೆ. ಬಾಗುವ ಮಗ್ಗುಲಿಗೆ ಸಣ್ಣ ಉಂಗುರದ ಗುರುತು, ಇನ್ನೊಂದಕ್ಕೆ ದೊಡ್ಡದು. ಪಾತ್ರೆ ತೊಳೆದಾದ ಮೇಲೆ ಅವಳ ನಾಲ್ಕು ಚೆಂಡುಗಳನ್ನು ದಿನವೂ ಒರೆಸಿಡುವವಳು ನಾನೇ. ಕಣ್ಣು ಮುಚ್ಚಿದರೂ ನನ್ನ ಬೆರಳಿಗೆ ಗೊತ್ತು. ಅವಳ ಬೆರಳಿಗೆ ಇನ್ನೂ ಚೆನ್ನಾಗಿ.

ಇಬ್ಬರದೂ ಸಮಸಮ. ಉಳಿದದ್ದು ಅವಳ ಒಂದೇ ಚೆಂಡು. ಗುರಿಯ ಬಿಳಿ ಚೆಂಡಿನ ಹತ್ತಿರ ಬಾಗಿ ಹೋದರೆ ಗೆದ್ದವರಿಗೆ ಕೊಡುವ ಕಪ್ಪು ಅವಳದು. ಮಂಡಿ ಬಗ್ಗಿಸಿದಳು. ಒಳಮಗ್ಗುಲಿಗೆ ಇರಬೇಕಾದ ಸಣ್ಣ ಉಂಗುರ ಹೊರಮಗ್ಗುಲಿಗಿತ್ತು. ಗಾಜಿನಾಚೆಯಿಂದ ಒಮ್ಮೆ ನನ್ನನ್ನೇ ನೋಡಿದಳು. ನಾನು ಮಡಿಲಲ್ಲಿದ್ದ ಒರೆಸುವ ಬಟ್ಟೆ ಹಿಂಡಿದೆ.

ಚೆಂಡು ಮುನಿಸಿಕೊಂಡ ನಾದಿನಿಯ ಹಾಗೆ ಅತ್ತಲೇ ತಿರುಗಿ, ಅಂಚು ದಾಟಿ ನಿಂತಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ದಾರ ಸಡಿಲಿಸುತ್ತಾ, "ಸೋತೆ ಅಪ್ಪಾ" ಎಂದಳು. ಕೊನೆಯ ಪರೀಕ್ಷೆ ಮುಗಿಸಿ ಬಂದ ದಿನದ ದನಿ ಅದು.

ಅವರು ಪಕ್ಕದಲ್ಲಿ ಕೂತು ತಲೆ ಸವರಿದರು. "ಇದನ್ನ ಸೋಲು ಅಂತಾರೇನೇ ಹುಚ್ಚಿ? ಗಾಬರೀಲಿ ಚೆಂಡು ಹಿಂದುಮುಂದಾಗಿ ಹಿಡಿದೆ ಅಷ್ಟೆ. ಸೋಲು ಬೇರೆ, ಕೈತಪ್ಪು ಬೇರೆ."

"ಮಾತು ಕೊಟ್ಟಿದ್ರಿ."

"ಸೋತ್ರೆ ಅಂತ ಕೊಟ್ಟಿದ್ದೆ. ಕೈತಪ್ಪಿದ್ರೆ ಅಂತಲ್ಲ."

"ಬೇಕು ಅಂತಾನೇ ಹಾಗೆ ಹಿಡಿದಿದ್ರೆ?" ನಾನು ಕೇಳಿದೆ.

ಅವರು ನಕ್ಕರು. "ನಿನ್ನದೊಂದು. ಕೈಗೆ ಬಂದ ಕಪ್ಪನ್ನ ಯಾರಾದ್ರೂ ಒದೀತಾರಾ?"

ಮಗಳ ಮುಖ ನೋಡಿದೆ. ಅವಳು ಬೂಟು ನೋಡುತ್ತಿದ್ದಳು.

"ನಿನ್ನ ಚೀಲದಲ್ಲಿ ಕೆಂಪು ಉಗುರುಬಣ್ಣ ಇತ್ತಲ್ಲ, ಕೊಡು ಇಲ್ಲಿ" ಎಂದರು. ಕೊಟ್ಟೆ. ನಾಲ್ಕೂ ಚೆಂಡಿನ ಸಣ್ಣ ಉಂಗುರದೊಳಗೆ ಒಂದೊಂದು ಬೊಟ್ಟು ಇಟ್ಟರು, ಮಗುವಿಗೆ ದೃಷ್ಟಿಬೊಟ್ಟು ಇಡುವಷ್ಟು ನಾಜೂಕಾಗಿ. "ಮುಂದಿನ ವರ್ಷ ಹೇಗೆ ಕೈತಪ್ಪತ್ತೋ ನೋಡೇಬಿಡ್ತೀನಿ."

ಕೊನೆಯದು ಜಾರುತ್ತಿತ್ತು. ಮಗಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಒಣಗೋವರೆಗೂ ಬಿಡಬೇಡ" ಎಂದರು.

ಅವಳು ಬಿಡಲಿಲ್ಲ.