ಮಡಕೆಯಲ್ಲಿ ನಾಲ್ಕು ಶೀಶೆ

ಜ್ಯೋತಿ ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೆ ತಂಪಿನ ಸುಳಿವೇ ಇರಲಿಲ್ಲ, ಬೆಳಗ್ಗೆ ಇಟ್ಟುಹೋಗಿದ್ದ ನಾಲ್ಕು ಶೀಶೆಗಳೂ ಇರಲಿಲ್ಲ. ಮೇ ತಿಂಗಳ ಬಿಸಿಲು. ಪೆರಂಬೂರಿನಲ್ಲಿ ಕರೆಂಟು ಹೋಗಿ ಒಂಬತ್ತು ಗಂಟೆಯಾಗಿತ್ತಂತೆ. ಆ ಹಳೇ ಫ್ರಿಜ್ಜನ್ನು ನಂಬಿದ್ದು ಅವಳದೇ ತಪ್ಪು.

ಆರು ತಿಂಗಳ ದುಡಿಮೆ ಆ ಶೀಶೆಗಳಲ್ಲಿತ್ತು. ಇನ್ಸುಲಿನ್ನನ್ನು ಬಾಯಿಗೆ ಹಾಕಿಕೊಂಡರೆ ಹೊಟ್ಟೆ ಅದನ್ನು ಅನ್ನದಂತೆ ಅರಗಿಸಿಬಿಡುತ್ತದೆ. ಅದಕ್ಕೇ ಸೂಜಿಯ ಕಾಟ. ಕಣ್ಣಿಗೆ ಕಾಣದ ನ್ಯಾನೋ ಕಣಗಳೊಳಗೆ ಬಚ್ಚಿಟ್ಟು ಅದನ್ನು ಹೊಟ್ಟೆ ದಾಟಿಸಬೇಕೆಂದು ಹೊರಟವಳು ಜ್ಯೋತಿ. ಕಾಲೇಜಿನ ಫ್ರಿಜ್ಜು ಕೆಟ್ಟಿತೆಂದು, ಸೋಮವಾರದ ಲ್ಯಾಬ್ ಪರೀಕ್ಷೆಯವರೆಗೆ ಶೀಶೆಗಳನ್ನು ಮನೆಗೆ ತಂದಿಟ್ಟಿದ್ದಳು. ಕಣಗಳನ್ನು ಮಾಡಿದ್ದು ಎಣ್ಣೂರಿನ ಸೀಗಡಿ ಚಿಪ್ಪಿನ ಪುಡಿಯಿಂದ. ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಅತ್ತೆಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ? ಔಷಧಿ ಎಂದಷ್ಟೇ ಹೇಳಿದ್ದಳು.

ಅತ್ತೆ ಕಲ್ಯಾಣಮ್ಮ ಸೆರಗಿನಿಂದ ಬೆವರೊರೆಸುತ್ತ ಬಂದು ದೇವರ ಮನೆಯತ್ತ ಕೈ ತೋರಿಸಿದರು. ಪೂಜೆಯ ನೀರಿನ ಮಡಕೆಯಲ್ಲಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕೂ ತಣ್ಣಗೆ ಕೂತಿದ್ದವು. ರೈಲ್ವೆ ಕ್ವಾರ್ಟರ್ಸಿನಲ್ಲಿ ಫ್ರಿಜ್ಜಿಲ್ಲದ ಕಾಲಕ್ಕೆ ತಮ್ಮ ಇನ್ಸುಲಿನ್ನನ್ನು ಅವರು ಹೀಗೇ ಕಾಪಾಡಿಕೊಂಡಿದ್ದರಂತೆ.

ಜ್ಯೋತಿ ಒಂದು ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆಟ್ಟಿದ್ದರೆ ತಳದಲ್ಲಿ ಗಸಿ ಕೂರಬೇಕಿತ್ತು. ಕೂತಿರಲಿಲ್ಲ. ಹೋದ ಜೀವ ಬಂದಂತಾಗಿ ಕಣ್ಣು ತುಂಬಿತು. ಇಷ್ಟು ಮಾಡಿದವರಿಂದ ಇನ್ನೂ ಮುಚ್ಚಿಡುವುದು ಅವಳಿಂದಾಗಲಿಲ್ಲ.

"ಅತ್ತೆ, ಇದು ಸೀಗಡಿ ಚಿಪ್ಪಿಂದ ಮಾಡಿದ್ದು. ನಿಮ್ಮ ಪೂಜೆ ಮಡಕೆ..."

ಕಲ್ಯಾಣಮ್ಮ ಗೋಡೆಯ ಮೇಲಿದ್ದ ಗಂಡನ ಪಟದತ್ತ ಒಮ್ಮೆ ನೋಡಿ, ಅವರಿಗೆ ಕೇಳಿಸೀತೆಂಬಂತೆ ದನಿ ತಗ್ಗಿಸಿದರು.

"ಮೊದಮೊದ್ಲು ನಾನು ಚುಚ್ಕೊಳ್ತಿದ್ದದ್ದು ಹಂದಿಯಿಂದ ತೆಗ್ದ ಇನ್ಸುಲಿನ್ನು ಕಣಮ್ಮ. ಕೀಲ್ಪಾಕ್ ಆಸ್ಪತ್ರೆ ಡಾಕ್ಟರಮ್ಮ ಆವತ್ತೇ ಹೇಳಿದ್ರು. ನಿಮ್ಮ ಮಾವನೋರಿಗೆ ಕೊನೇವರ್ಗೂ ನಾನು ಹೇಳ್ಲಿಲ್ಲ. ದಿನಾ ಶೀಶೇನ ಕಣ್ಣಿಗೊತ್ಕೊಂಡು ಚುಚ್ಕೊಳ್ತಿದ್ದೆ. ನಿನ್ನ ಗಂಡನ್ನ ಹೆತ್ತಿದ್ದು ಆ ಪ್ರಾಣೀ ಋಣದಲ್ಲೇ."

ಜ್ಯೋತಿ ಅತ್ತೆಯ ಕೈ ಹಿಡಿದುಕೊಂಡಳು. ಒದ್ದೆಯಾಗಿ, ತಣ್ಣಗಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಅವಳು ಶೀಶೆಗಳನ್ನು ಒರೆಸಿ ಫ್ರಿಜ್ಜಿಗಿಟ್ಟು ತಿರುಗಿದಳು. ಮಡಕೆಯ ನೀರನ್ನು ಕಲ್ಯಾಣಮ್ಮ ಚೆಲ್ಲಿರಲಿಲ್ಲ. ಅದರಿಂದಲೇ ಒಂದು ಚೊಂಬು ತೆಗೆದುಕೊಂಡು ಸಂಜೆಯ ಪೂಜೆಗೆ ಕೂತಿದ್ದರು.